ಈರವ್ವನ ಬಜಿ

ಕೋಪರಖೈರಣೆಯಲ್ಲಿ ಈರವ್ವನ ಮನೆ ಹುಡುಕಲು ಸೆಕ್ಟರ್ ನಂಬರ್ ಬೇಕಿಲ್ಲ. ಬೆಳಿಗ್ಗೆ ಎಂಟೂವರೆಗೆ ಒಂದು ಕೈಯಲ್ಲಿ ಟಿಫಿನ್ ಚೀಲ, ಇನ್ನೊಂದು ಕೈಯಲ್ಲಿ ಅಳುವ ಮಗು ಹಿಡಿದು ಓಡುತ್ತಿರುವ ಯಾರ ಹಿಂದೆ ಬೇಕಾದರೂ ಹೋಗಿ, ಅವರು ನಿಲ್ಲುವ ಬಾಗಿಲೇ ಆಕೆಯದು. ಬಾಗಿಲ ಪಕ್ಕ ಮರಾಠಿಯಲ್ಲಿ ‘ಪಾಳಣಾಘರ’ ಎಂಬ ಬೋರ್ಡಿದೆ. ದುಡಿಯಲು ಹೋಗುವವರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಮನೆ ಎಂದು ಅರ್ಥ. ಆದರೆ ಮರಾಠಿ ಆ ಬೋರ್ಡಿಗೇ ಮುಗಿಯಿತು. ಒಳಗಿರುವ ಮಕ್ಕಳು ಮರಾಠಿಯವಾಗಲಿ, ಮಲಯಾಳಿಯಾಗಲಿ, ಗುಜರಾತಿ ಅಂಗಡಿಯವರದಾಗಲಿ, ಎಲ್ಲವೂ ಆಕೆಯನ್ನು ‘ಅವ್ವಾ’ ಎಂದೇ ಕೂಗುತ್ತವೆ. ಎಲ್ಲಕ್ಕೂ ‘ಸಿಂಬಳ’ ಎಂಬ ಕನ್ನಡ ಪದ ಚೆನ್ನಾಗಿ ಗೊತ್ತು.

ಆಕೆಗೆ ಈಗ ಐವತ್ತೆಂಟು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಕೋಪರಖೈರಣೆಯಲ್ಲಿ ಮನುಷ್ಯರಿಗಿಂತ ಕಪ್ಪೆಗಳೇ ಹೆಚ್ಚಿದ್ದವಂತೆ. ಗಂಡ ವಿರುಪಾಕ್ಷಪ್ಪನವರು ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಒಂದು ಮಸಾಲೆ ಅಂಗಡಿಯ ಮೂಗು. ಅಚ್ಚಿನ ತಪ್ಪಲ್ಲ, ಮೂಗೇ. ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಎತ್ತಿ ಮೂಸಿ, ಜೀರಿಗೆ ಈ ವರ್ಷದ್ದೋ ಹೋದ ವರ್ಷದ್ದೋ ಎಂದು ಹೇಳುವುದೇ ಅವರ ನೌಕರಿ. ಮೂವತ್ತು ವರ್ಷ ಹಾಗೆ ಮೂಸಿ ನಿವೃತ್ತರಾಗಿದ್ದಾರೆ, ಆದರೂ ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗಿ ಮೂಗನ್ನು ಚುರುಕು ಮಾಡಿಕೊಂಡು ಬರುತ್ತಾರೆ. ಅವರ ಇಬ್ಬರು ಗಂಡುಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಪಕ್ಕದ ಮನೆಯ ಹೆಂಗಸೊಬ್ಬಳು ಫ್ಯಾಕ್ಟರಿಗೆ ಹೊರಟವಳು ತನ್ನ ಕೂಸನ್ನು ಈರವ್ವನ ಕೈಗಿಟ್ಟು ಎರಡು ತಾಸು ನೋಡಿಕೊಳ್ಳಿ ಎಂದಳು. ಆ ಎರಡು ತಾಸು ಆರು ವರ್ಷವಾಯಿತು. ಅಷ್ಟರಲ್ಲಿ ಮನೆಯಲ್ಲಿ ಇನ್ನೂ ಐದು ಮಕ್ಕಳು ಸೇರಿದ್ದವು. ಅಂದಿನಿಂದ ಇಂದಿನವರೆಗೆ ಎಷ್ಟು ಮಕ್ಕಳನ್ನು ಸಾಕಿದಿರಿ ಎಂದು ಕೇಳಿದರೆ ಆಕೆ ಲೆಕ್ಕ ಹೇಳುವುದಿಲ್ಲ, ಹಾಗೆ ಎಣಿಸಿದರೆ ಮಕ್ಕಳಿಗೆ ದೃಷ್ಟಿಯಾಗುತ್ತದಂತೆ.

ಮಕ್ಕಳಿಗೆ ಬರುವ ನೆಗಡಿಯ ಆರೈಕೆಯಲ್ಲಿ ಆಕೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಒಂದು ಮಗು ಸೀನಿದರೆ ಎರಡು ದಿನದಲ್ಲಿ ಈಗಿರುವ ಏಳೂ ಮಕ್ಕಳು ಸೀನುತ್ತವೆ. ತಾಯಂದಿರು ಕಂಗಾಲಾಗುತ್ತಾರೆ. ಈರವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು ನಗುತ್ತಾಳೆ.

“ನೆಗಡಿ ಅಂದ್ರ ಬೀಗರಿದ್ದಂಗವಾ. ಹೊಡದು ಓಡಸಾಕ ಬರಂಗಿಲ್ಲ. ಚೊಲೋತ್ನಾಗಿ ನೋಡ್ಕೊಂಡು, ತಾವಾಗೇ ಹೋಗೂತನಾ ಕಾಯಬೇಕು,” ಎನ್ನುತ್ತಾಳೆ.

ಬೀಗರ ಉಪಚಾರ ಜೋರಾಗಿಯೇ ನಡೆಯುತ್ತದೆ. ಅಜವಾನವನ್ನು ಹಂಚಿನ ಮೇಲೆ ಹುರಿದು, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ, ಆಮೇಲೆ ಮಗುವಿನ ಎದೆ, ಬೆನ್ನು, ಅಂಗಾಲಿಗೆ ಮೆಲ್ಲಗೆ ಒತ್ತುತ್ತಾಳೆ. ವಿರುಪಾಕ್ಷಪ್ಪನವರ ಧೋತರಗಳು ಒಂದೊಂದಾಗಿ ಹೀಗೆ ಮಕ್ಕಳ ಎದೆ ಸೇರುತ್ತಿವೆ, ಅವರು ಈಗ ಪೈಜಾಮಕ್ಕೆ ಬಂದಿದ್ದಾರೆ. ಕಿಟಕಿಯ ಗ್ರಿಲ್ಲಿನಲ್ಲಿ ಹಳೆಯ ಪೇಂಟ್ ಡಬ್ಬಿಗಳ ತುಂಬ ತುಳಸಿ, ದೊಡ್ಡಪತ್ರೆ. ದೊಡ್ಡ ಮಕ್ಕಳಿಗೆ ಮೆಣಸು ಹಾಕಿದ ತಿಳಿ ಸಾರು. ಹಬೆ ಕೊಡುವುದಕ್ಕೆ ಕುದಿಯುವ ನೀರನ್ನು ಮಕ್ಕಳ ಹತ್ತಿರ ತರುವುದೇ ಇಲ್ಲ. ಬಚ್ಚಲುಮನೆಯ ಬಾಗಿಲು ಹಾಕಿ, ಗೀಸರಿನ ನಲ್ಲಿ ಬಿಟ್ಟು, ಹಬೆ ತುಂಬಿದ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ದೂರದಲ್ಲಿ ಮಣೆ ಹಾಕಿ ಕೂರುತ್ತಾಳೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೂಡದು ಎಂದು ಡಾಕ್ಟರೊಬ್ಬರು ಹೇಳಿದ ದಿನವೇ ಜೇನಿನ ಬಾಟಲಿ ಅಟ್ಟ ಸೇರಿತು. ತನಗೆ ಎಲ್ಲ ಗೊತ್ತು ಎಂಬ ಗರ್ವ ಆಕೆಗಿಲ್ಲ. ಜ್ವರ ಏರಿದರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆದರೆ, ಮಗು ಹಾಲು ಬಿಟ್ಟರೆ, ಮನೆಮದ್ದು ಅಲ್ಲಿಗೇ ಬಂದ್. “ಇದು ನನ್ನ ಕೆಲಸಲ್ಲ, ದವಾಖಾನಿಗೆ ನಡೀರಿ,” ಎಂದು ತಾನೇ ರಿಕ್ಷಾ ಕರೆಯುತ್ತಾಳೆ.

ಇಂಥ ಹೆಂಗಸಿನ ಬಾಗಿಲಿಗೆ ಬೀಗ ಬೀಳುವ ಹಾಗೆ ಮಾಡಿದವಳು ನಾನು. ಅದನ್ನೇ ಈಗ ಹೇಳಬೇಕು.

ನನ್ನ ಹೆಸರು ರತ್ನಾವತಿ, ಅಜ್ಜಿಯ ಹೆಸರು. ಪುತ್ತೂರಿನವಳು, ಮನೆಮಾತು ತುಳು. ಬೇಲಾಪುರದ ಒಂದು ಕಚೇರಿಯಲ್ಲಿ ಕೆಲಸ. ಮಗಳ ಹೆಸರು ಕಾಂಚನಾ, ನಮ್ಮ ಬಾಯಲ್ಲಿ ಕಾಂಚು. ಮನೆಯಲ್ಲಿ ರತ್ನವೂ ಕಾಂಚನವೂ ಇದೆ, ಒಂದು ಗ್ರಾಂ ಚಿನ್ನ ಮಾತ್ರ ಇಲ್ಲ ಎಂದು ಗಂಡ ಯೋಗೀಶ್ ಬಂದವರಿಗೆಲ್ಲ ಹೇಳಿ ತಾನೇ ನಗುತ್ತಾನೆ. ನನಗೆ ಸಿಟ್ಟು ಬೇಗ, ಬುದ್ಧಿ ನಿಧಾನ. ಇನ್ನೊಂದು ರೋಗವೂ ಇದೆ, ಕನ್ನಡದ ಜಂಬ. ಹತ್ತನೇ ತರಗತಿಯಲ್ಲಿ ಕನ್ನಡಕ್ಕೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೊಂದು ಬಂದಿತ್ತು. ಈರವ್ವ ‘ಮನಿ’ ‘ತಲಿ’ ಎಂದಾಗಲೆಲ್ಲ ನಾನು ಒಳಗೊಳಗೇ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದೆ.

ಕಾಂಚುವನ್ನು ಆಕೆಯ ಹತ್ತಿರ ಬಿಟ್ಟಾಗ ಎಂಟು ತಿಂಗಳು. ಮಗು ಮೊದಲು ಆಡಿದ ಮಾತು ‘ಅವ್ವಾ’. ನಾನು ಅಮ್ಮ, ಅವ್ವ ಅಲ್ಲ. ಸಂಜೆ ಠಾಣೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಬಂದು ಕೈ ಚಾಚಿದರೆ ಕಾಂಚು ಈರವ್ವನ ಕುತ್ತಿಗೆಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಮನೆಗೆ ನಡೆಯುವ ಹತ್ತು ನಿಮಿಷವೂ ಹೊಟ್ಟೆಯೊಳಗೆ ಉರಿಯುತ್ತಿತ್ತು.

ಕಳೆದ ಜುಲೈ. ಜಡಿಮಳೆ. ಕಾಂಚುಗೆ ಒಂದೂವರೆ ವರ್ಷ ತುಂಬಿತ್ತು, ಹಿಂದಿನ ದಿನದಿಂದ ನೆಗಡಿ, ಕೆಮ್ಮು. ಜ್ವರವಿರಲಿಲ್ಲ, ಆದ್ದರಿಂದ ಬಿಟ್ಟು ಹೋಗಿದ್ದೆ. ಮಧ್ಯಾಹ್ನ ಕಚೇರಿಯಿಂದ ಫೋನ್ ಮಾಡಿದೆ. ಆ ಕಡೆ ಮಕ್ಕಳ ಸಂತೆ.

“ಈರವ್ವಕ್ಕ, ಕಾಂಚು ಹೇಗಿದ್ದಾಳೆ? ಕೆಮ್ಮು ಉಂಟಾ?”

“ಮುಂಜಾನಿ ಬಾಳ ಇತ್ತವಾ. ಕಾಳಜಿ ಮಾಡಬ್ಯಾಡ. ಈಗರೆ ಬಿಸಿ ಬಿಸಿ ಬಜಿ ಹಾಕೀನಿ. ಆರಾಮ ಮಕ್ಕೊಂಡಾಳ.”

“ಬಜಿಯಾ?”

“ಹೂಂನವಾ, ಬಜಿ. ನಮ್ಮನಿಯವ್ರು ನಿನ್ನೆರೆ ಮಾರ್ಕೆಟ್ಟಿಂದ ತಂದಾರ. ಒಂದ್ ನಂಬರ್ ಮಾಲು!”

ಅಷ್ಟರಲ್ಲಿ ಯಾವುದೋ ಮಗು ಕಿರುಚಿತು, ಫೋನ್ ಕಟ್ಟಾಯಿತು. ಎಣ್ಣೆಯಲ್ಲಿ ಕರಿದ ಬಜ್ಜಿಯನ್ನು, ಇಲ್ಲಿಯವರು ಭಜಿ ಎನ್ನುವುದನ್ನು, ಕೆಮ್ಮುವ ಒಂದೂವರೆ ವರ್ಷದ ಮಗುವಿಗೆ! ನಮ್ಮ ಕಡೆ ಊಟಕ್ಕೆ ‘ಹಾಕು’ ಎಂದರೆ ಬಡಿಸು ಎಂದೇ. ನನಗೆ ಸಂಶಯವೇ ಉಳಿಯಲಿಲ್ಲ.

ಸಂಜೆ ಹೋದರೆ ಬಾಗಿಲಲ್ಲೇ ಕರಿದ ಎಣ್ಣೆಯ ವಾಸನೆ. ವಿರುಪಾಕ್ಷಪ್ಪನವರು ಚಹಾ ಬಸಿ ಮುಂದಿಟ್ಟುಕೊಂಡು ಈರುಳ್ಳಿ ಭಜಿ ತಿನ್ನುತ್ತಿದ್ದರು. “ಬರ್ರಿ ಬರ್ರಿ, ಮಳ್ಯಾಗ ತೊಯ್ಸಿಕೊಂಡು ಬಂದೀರಿ, ಬಿಸಿ ಅದಾವು,” ಎಂದು ತಟ್ಟೆ ನನ್ನ ಕಡೆಗೆ ತಳ್ಳಿದರು. ಒಳಗಿನಿಂದ ಈರವ್ವ ಕಾಂಚುವನ್ನು ಎತ್ತಿಕೊಂಡು ಬಂದಳು. ಮಗುವಿನ ಅಂಗಿಯ ಎದೆಯ ಮೇಲೆ ಕಂದು ಬಣ್ಣದ ಕಲೆ. ಸಾಕ್ಷಿ, ಪುರಾವೆ, ಎಲ್ಲ ಸಿಕ್ಕಂತಾಯಿತು.

“ಈರವ್ವಕ್ಕ, ಇಷ್ಟು ಸಣ್ಣ ಮಗುವಿಗೆ ಬಜಿ ಹಾಕುವುದಾ?”

“ಸಣ್ಣೋರಿಗೇ ಹಾಕೋದವಾ! ನಿನಗ ನನಗ ಹಾಕಿದ್ರ ಏನ್ ಬಂತು?”

“ಅದೂ ಕೆಮ್ಮು ಇರುವಾಗ?”

“ಕೆಮ್ಮಿಗೆ ಅದರಂಥಾದ್ದು ಇನ್ನೊಂದಿಲ್ಲ. ಮನೀಶಗೂ ಹಾಕೀನಿ, ಅವನೂ ಮುಂಜಾನಿಂದ ಕೆಮ್ಮತಿದ್ದ. ನಿನಗೂ ಒಂದೀಟು ಕಟ್ಟಿ ಕೊಡ್ಲೇನು? ರಾತ್ರಿ ಮಲಗೂ ಮುಂದ ಇನ್ನೊಮ್ಮೆ ಹಾಕು.”

ಆಕೆಯ ಮುಖದಲ್ಲಿ ಒಂದಿಷ್ಟೂ ಅಂಜಿಕೆಯಿಲ್ಲ. ನಾನು ಬೇಡ ಎಂದೆ. ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಹೊರಟೆ. ಕಾಂಚು ಹಿಂದೆ ನೋಡಿ ಅಳುತ್ತಿದ್ದಳು, ಈರವ್ವ ಛತ್ರಿ ಹಿಡಿದು ಗೇಟಿನವರೆಗೆ ಬಂದು ಮಗುವಿನ ತಲೆಗೆ ಟೊಪ್ಪಿಗೆ ಹಾಕಿ ಕಳಿಸಿದಳು.

ಪಾಳಣಾಘರದ ಪಾಲಕರಿಗೆಲ್ಲ ವಾಟ್ಸಾಪಿನಲ್ಲಿ ಒಂದು ಗ್ರೂಪಿದೆ. ಮನೀಶನ ತಾಯಿ ಪ್ರಾಜಕ್ತಾ ಮಾಡಿದ್ದು, ಹೆಸರು ‘ಅವ್ವಾಚೆ ಘರ’, ಅವ್ವನ ಮನೆ. ಈರವ್ವನಿಗೆ ಬರೀ ಬಟನ್ ಫೋನ್, ಆಕೆ ಅದರಲ್ಲಿಲ್ಲ. ಮನೆ ಮುಟ್ಟುತ್ತಲೇ ಬರೆದೆ: ಈ ದಿನ ಕೆಮ್ಮುತ್ತಿದ್ದ ನನ್ನ ಮಗುವಿಗೆ ಕರಿದ ಭಜಿ ತಿನ್ನಿಸಿದ್ದಾರೆ, ಮನೀಶನಿಗೂ ತಿನ್ನಿಸಿದ್ದಾರೆ, ಕೇಳಿದರೆ ಕೆಮ್ಮಿಗೆ ಒಳ್ಳೆಯದು ಎನ್ನುತ್ತಾರೆ, ನಿಮ್ಮ ನಿಮ್ಮ ಮಕ್ಕಳನ್ನು ನೋಡಿಕೊಳ್ಳಿ. ಕಳಿಸಿ ಮುಗಿಸಿದಾಗ ಒಂದು ಥರದ ಹಗುರ. ಅದು ಮಗಳ ಕಾಳಜಿಯದು ಎಂದು ಆಗ ನಂಬಿದ್ದೆ.

ಕಚೇರಿಗೆ ಮೂರು ದಿನ ರಜೆ ಹೇಳಿದೆ. ಮರುದಿನ ಬೆಳಿಗ್ಗೆ ಮಕ್ಕಳ ಡಾಕ್ಟರು ಎದೆ ಪರೀಕ್ಷಿಸಿ, ಸಾದಾ ನೆಗಡಿ, ಮೂಗಿಗೆ ಉಪ್ಪುನೀರಿನ ಹನಿ ಹಾಕಿ, ಚೆನ್ನಾಗಿ ಕುಡಿಸಿ, ಬೆಚ್ಚಗಿಡಿ, ಅಷ್ಟು ಸಾಕು ಎಂದರು. ಬೆಚ್ಚಗಿಡುವುದೇನು ಮಹಾವಿದ್ಯೆ, ನಾನೇ ಮಾಡುತ್ತೇನೆ ಎಂದು ಸೊಂಟ ಕಟ್ಟಿದೆ. ಅಜವಾನ ಹುರಿಯಲು ಇಟ್ಟು ಒಂದು ಫೋನ್ ಎತ್ತಿದೆ, ಅಜವಾನ ಇದ್ದಿಲಾಯಿತು. ಮೇಲಿನ ಮನೆಯವರು ಏನಾದರೂ ಹೊತ್ತಿಕೊಂಡಿದೆಯೇ ಎಂದು ಕೇಳಲು ಇಳಿದು ಬಂದರು. ಎರಡನೇ ಸಲ ಸರಿಯಾಗಿ ಹುರಿದು ಗಂಟು ಕಟ್ಟಿ, ಬಿಸಿ ನೋಡಲು ಯೋಗೀಶನ ಕೆನ್ನೆಗೆ ಒತ್ತಿದೆ. ಅವನು ಸೋಫಾದ ಮೇಲೆ ಹಾರಿದ.

“ನಿನ್ನ ಕೆನ್ನೆ ಇಲ್ವಾ ಮಾರಾಯ್ತಿ?”

“ಆ ಈರವ್ವಕ್ಕ ದಿನಾ ಹೀಗೇ ನೋಡುವುದು!”

“ಅವರು ಅವರ ಕೆನ್ನೆಯಲ್ಲಿ ನೋಡುವುದು. ಗಂಡನ ಕೆನ್ನೆಯಲ್ಲಿ ಅಲ್ಲ.”

ಕಾಂಚುಗೆ ನಮ್ಮ ಗಂಟೂ ಬೇಡ, ಸಾರೂ ಬೇಡ. ಮೂಗು ಒರೆಸಲು ಹೋದರೆ ಕೈ ಕಚ್ಚಿದಳು. ಬಾಗಿಲ ಕಡೆ ಬೆರಳು ತೋರಿಸಿ ‘ಅವ್ವಾ, ಅವ್ವಾ’ ಎಂದು ಅತ್ತಳು. ಎರಡನೇ ದಿನ ನಾನೂ ಅತ್ತೆ.

ಮೂರನೇ ದಿನ, ಶುಕ್ರವಾರ, ಪ್ರಾಜಕ್ತಾಳ ಫೋನ್ ಬಂತು. ಅವಳೂ ಮನೀಶನನ್ನು ಮನೆಯಲ್ಲಿಟ್ಟುಕೊಂಡು ಹೈರಾಣಾಗಿದ್ದಳು. “ರತ್ನಾ, ಸುನ್. ಏಳು ಮಕ್ಕಳಲ್ಲಿ ಐದು ಹೋಗುತ್ತಿಲ್ಲ. ನಿನ್ನೆ ಒಂದು ಮಗುವಿನ ತಂದೆ ಹೋಗಿ ಅವ್ವನಿಗೆ ಜೋರು ಮಾಡಿದನಂತೆ, ಮಕ್ಕಳಿಗೆ ಕಂಡದ್ದೆಲ್ಲ ತಿನ್ನಿಸುತ್ತೀರಿ ಅಂತ. ಭಾನುವಾರ ಬೋರ್ಡ್ ಇಳಿಸಿ ಕಾಮೋಠೆಗೆ ಮಗನ ಮನೆಗೆ ಹೋಗುತ್ತಾರಂತೆ,” ಎಂದಳು, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ. ಮತ್ತೆ ತಾನಾಗಿ ಹೇಳಿದಳು: “ಏಕ್ ಬಾತ್ ಬೋಲೂಂ? ಮನೀಶನಿಗೆ ಮೂರು ವರ್ಷ, ಮಾತು ಬರುತ್ತದೆ. ಭಜಿ ತಿಂದೆಯಾ ಅಂತ ಕೇಳಿದೆ. ಇಲ್ಲ ಅಂದ. ಎದೆ ಮುಟ್ಟಿ ತೋರಿಸಿದ. ನನಗೆ ಏನೂ ತಿಳಿಯಲಿಲ್ಲ.”

ನನಗೂ ತಿಳಿಯಲಿಲ್ಲ. ಆದರೆ ಎಲ್ಲೋ ಒಂದು ಹುಳ ಹೊಕ್ಕಿತು.

ಫೋನಿಟ್ಟ ಹತ್ತು ನಿಮಿಷಕ್ಕೆ ಪುತ್ತೂರಿನಿಂದ ಅಮ್ಮ ಮಾಡಿದರು. ಮೊಮ್ಮಗಳ ಕೆಮ್ಮಿನ ಶಬ್ದ ಕೇಳಿದ್ದೇ ಸಿಟ್ಟಾದರು. ತುಳುವಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಹೀಗೆ: “ಇಷ್ಟೆಲ್ಲ ಓದಿದ್ದೀ, ಒಂದು ಬಜೆ ತೇಯ್ದು ಎದೆಗೆ ಹಚ್ಚಲಿಕ್ಕೆ ಬರುವುದಿಲ್ಲವಾ? ಸ್ವಲ್ಪ ಬೆಚ್ಚಗೆ ಮಾಡಿ ಹಚ್ಚು. ಬಜೆ ಸಿಗುವುದಿಲ್ಲವಾ ನಿಮ್ಮ ಊರಲ್ಲಿ, ಬಜೆ?”

ಬಜೆ. ಕೂಸುಗಳಿಗೆ ತೇಯ್ದು ಹಚ್ಚುವ, ಘಮ್ಮೆನ್ನುವ, ಗಂಟುಗಂಟಾದ ಕಂದು ಬೇರು. ಈರವ್ವನ ಬಾಯಲ್ಲಿ ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ, ಎದೆ ಎದಿಯಾಗುತ್ತದೆ. ಬಜೆ ಮತ್ತೇನಾಗಬೇಕು? ಹಚ್ಚುವುದಕ್ಕೆ ಆಕೆ ‘ಹಾಕು’ ಎನ್ನುತ್ತಾಳೆ, ಎಣ್ಣೆ ಹಾಕು, ಮುಲಾಮು ಹಾಕು. ಅಂಗಿಯ ಮೇಲಿದ್ದದ್ದು ತೇಯ್ದ ಬೇರಿನ ಕಲೆ. ವಿರುಪಾಕ್ಷಪ್ಪನವರು ಮಾರ್ಕೆಟ್ಟಿನಿಂದ ಮೂಸಿ ತಂದ ಒಂದ್ ನಂಬರ್ ಮಾಲು ಅದು. ಕನ್ನಡಕ್ಕೆ ನೂರಿಪ್ಪತ್ತೊಂದು ತೆಗೆದ ನಾನು ಒಂದು ಗುಣಿತಾಕ್ಷರದಲ್ಲಿ ಎಡವಿ, ಒಂದು ಮನೆಯನ್ನೇ ಬೀಳಿಸಿದ್ದೆ.

ಅಮ್ಮ ಆ ಕಡೆ ಹಲೋ ಹಲೋ ಎನ್ನುತ್ತಿದ್ದರು. ಕಾಂಚುವನ್ನು ರೇನ್‌ಕೋಟಿನಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದೆ.

ಈರವ್ವನ ಮನೆಯಲ್ಲಿ ಎರಡೇ ಮಕ್ಕಳು ನೆಲದ ಮೇಲೆ ಆಡುತ್ತಿದ್ದವು. ಏಳು ಮಕ್ಕಳ ಗದ್ದಲಕ್ಕೆ ಒಗ್ಗಿದ ಆ ಕೋಣೆ ನೋಡಲು ದೊಡ್ಡದಾಗಿ, ಕೆಟ್ಟದಾಗಿ ಕಾಣುತ್ತಿತ್ತು. ಮೂಲೆಯಲ್ಲಿ ಮಕ್ಕಳ ಪುಟ್ಟ ಹಾಸಿಗೆಗಳನ್ನು ಕಟ್ಟಿಡುತ್ತಿದ್ದ ಈರವ್ವ ನನ್ನನ್ನು ನೋಡಿ ಎದ್ದಳು, ಆದರೆ ಬಾ ಎನ್ನಲಿಲ್ಲ. ನಾನು ನಿಂತಲ್ಲೇ ಎಲ್ಲ ಹೇಳಿದೆ, ಫೋನಿನ ಮಾತು, ಬಜ್ಜಿ, ಗ್ರೂಪಿನಲ್ಲಿ ಬರೆದದ್ದು, ಅಮ್ಮನ ಬೈಗುಳ. ಆಕೆ ಕೈಯಲ್ಲಿದ್ದ ಪುಟ್ಟ ಹಾಸಿಗೆಯನ್ನು ಕಟ್ಟಿನ ಮೇಲಿಟ್ಟಳು. ಅಲ್ಲಿಯವರೆಗೆ ಆಕೆಗೆ ತಾನು ಮಾಡಿದ ತಪ್ಪೇನೆಂದೇ ಗೊತ್ತಿರಲಿಲ್ಲ.

“ನಾ ಕೂಸಿಗೆ ಕರದ ಭಜಿ ತಿನಸ್ತೀನಿ ಅಂತ ನಿನಗ ಹೆಂಗರೆ ಅನಸ್ತವಾ?” ಎಂದಳು. ದನಿ ಏರಿರಲಿಲ್ಲ. “ಹತ್ತು ತಿಂಗಳಾತು ನಿನ್ನ ಮಗಳು ನನ್ನ ತೊಡಿ ಮ್ಯಾಲ ಅದಾಳ. ಮಾತು ತಿಳೀಲಿಲ್ಲಂದ್ರ ಮತ್ತೊಮ್ಮೆ ಕೇಳಬೇಕಿತ್ತು. ನಾ ಏನು ದೂರ ಇದ್ನಿ? ಮಂದಿಗೆಲ್ಲ ಹೇಳಿದಿ, ನನಗೊಬ್ಬಾಕಿಗೆ ಕೇಳಲಿಲ್ಲ.”

ಕ್ಷಮಿಸಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆಕೆಯ ಮುಂದೆ ಅರ್ಧ ನಿಜ ಹೇಳಲು ಬಾಯಿ ಬರಲಿಲ್ಲ.

“ಮಾತು ತಿಳಿಯದ್ದು ಹೌದು ಈರವ್ವಕ್ಕ. ಆದರೆ ಅಷ್ಟೇ ಅಲ್ಲ. ಕಾಂಚು ನಿಮ್ಮನ್ನು ಅವ್ವ ಅಂತ ಕರೆಯುತ್ತಾಳೆ, ಸಂಜೆ ನನ್ನ ಹತ್ತಿರ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚು. ನಿಮ್ಮದೊಂದು ತಪ್ಪು ಸಿಕ್ಕಿತಲ್ಲ ಅಂತ ಆ ದಿನ ಒಳಗೆ ಖುಷಿಯಾಗಿತ್ತು. ಅದಕ್ಕೇ ಎರಡನೇ ಸಲ ಕೇಳಲಿಲ್ಲ.”

ಈರವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಕೋಣೆಯಿಂದ ಗೊರಗೊರ ಶಬ್ದ. ವಿರುಪಾಕ್ಷಪ್ಪನವರು ನಗು ತಡೆಯಲಾರದೆ ಗೋಡೆ ಹಿಡಿದು ನಿಂತಿದ್ದರು. ಹೊರಗೆ ಬಂದು ಕೈಯಲ್ಲಿದ್ದ ಬೇರನ್ನು ನನ್ನ ಮೂಗಿಗೆ ಹಿಡಿದರು.

“ಮೂಸಿ ನೋಡ್ರಿ ಬಾಯಾರ. ಇದನ್ನ ಕಡ್ಲಿಹಿಟ್ನ್ಯಾಗ ಅದ್ದಿ ಕರದ್ರ ಹೆಂಗಿರತೈತಿ? ಮಾಡಿಸ್ಲೇನು ಒಂದು ಪ್ಲೇಟು?”

ಈರವ್ವ ಗಂಡನ ಮೇಲೆ ಕಣ್ಣು ಕೆಕ್ಕರಿಸಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. ಸೆರಗಿನಿಂದ ನಿಲ್ಲುವ ನಗುವಲ್ಲ ಅದು. ಕೊನೆಗೆ ಹಾಸಿಗೆಯ ಕಟ್ಟಿನ ಮೇಲೆ ಕುಸಿದು ಕುಳಿತು, ಕಣ್ಣೀರು ಬರುವ ಹಾಗೆ ನಕ್ಕಳು. ಆ ಕಣ್ಣೀರಿನಲ್ಲಿ ನಗುವಿನದು ಎಷ್ಟು, ಮೂರು ದಿನದ್ದು ಎಷ್ಟು ಎಂದು ನನಗೆ ಗೊತ್ತಿಲ್ಲ. ನಾನೂ ನಕ್ಕೆ, ಅಳುತ್ತಲೇ.

ಅಲ್ಲೇ ಕುಳಿತು ಗ್ರೂಪಿಗೆ ಬರೆದೆ. ತಪ್ಪು ನನ್ನದು, ಪೂರ್ತಿ ನನ್ನದು ಎಂದು ಮೊದಲ ಸಾಲಿನಲ್ಲೇ ಹಾಕಿದೆ. ಬೇರಿನ ಫೋಟೋ ಕಳಿಸಿ, ಅವ್ವ ಹಚ್ಚಿದ್ದು ಇದು, ನಾನು ತಿಳಿದದ್ದು ಭಜಿ ಎಂದೆ. ಪ್ರಾಜಕ್ತಾ ಒಂದು ನಿಮಿಷದೊಳಗೆ ಧ್ವನಿ ಕಳಿಸಿದಳು: “ಅಗಂ ಬಾಈ! ಹೇ ತರ್ ವೇಖಂಡ! ನನ್ನ ಅಜ್ಜಿಯೂ ಇದನ್ನೇ ಹಚ್ಚುತ್ತಿದ್ದಳು!” ಬಜೆಗೆ ಮರಾಠಿಯಲ್ಲಿ ವೇಖಂಡ ಎನ್ನುತ್ತಾರೆ. ಆಮೇಲೆ ನಗುವ ಮುಖಗಳ ಮಳೆ. ಜೋರು ಮಾಡಿ ಹೋಗಿದ್ದ ತಂದೆ ಮಾತ್ರ ಏನೂ ಬರೆಯಲಿಲ್ಲ, ಸಂಜೆ ತಾನೇ ಬಂದು ಬಾಗಿಲಲ್ಲಿ ನಿಂತು ಒಂದು ಡಜನ್ ಬಾಳೆಹಣ್ಣು ಕೊಟ್ಟು ಹೋದನಂತೆ.

“ಹಂಗಾದ್ರ ಸೋಮವಾರ ಕ್ಯಾಂಚೂನ್ನ ಕರಕೊಂಡು ಬರ್ಲಾ?” ಎಂದು ಆಕೆಯದೇ ಮಾತಿನಲ್ಲಿ ಕೇಳಿದೆ, ಮೆಚ್ಚಿಸಲು.

“ಕ್ಯಾಂಚು ಅಲ್ಲ, ಕಾಂಚು. ನಮ್ಮ ಮಾತು ನಿನಗ ಬರಂಗಿಲ್ಲ, ಬಿಡು,” ಎಂದು ಈರವ್ವ ನನ್ನನ್ನೇ ತಿದ್ದಿದಳು. ಮತ್ತೆ ಗಂಭೀರಳಾದಳು. “ಸೋಮವಾರ ನೀನೂ ಬಾ. ರಜಾ ಹಾಕು. ದಿನಾಪೂರ್ತಿ ಇಲ್ಲೇ ಕುಂದ್ರು, ನನ್ನ ಕೈಯಾಗ ಏನು ನಡೀತೈತಿ ನೋಡು. ಆಮ್ಯಾಲ ಕೂಸು ಬಿಡೂದೋ ಬ್ಯಾಡೋ ನೀನ ಠರಾಯಿಸು. ಅನುಮಾನ ಇಟ್ಕೊಂಡು ಕೂಸು ಬಿಡಬಾರದವಾ. ನನಗೂ ಎತ್ತಿಕೊಳ್ಳಾಕ ಕೈ ಬರಂಗಿಲ್ಲ.”

ನನಗೆ ಅನುಮಾನವಿಲ್ಲ ಎಂದೆ. ಆಕೆ ಕೇಳಲಿಲ್ಲ.

ಭಾನುವಾರ ಬೋರ್ಡ್ ಇಳಿಯಲಿಲ್ಲ. ಸೋಮವಾರ ಕಚೇರಿಗೆ ಮಗುವಿಗೆ ಹುಷಾರಿಲ್ಲ ಎಂದು ಹೇಳಿ, ಎಂಟೂವರೆಗೆ ಹೋದೆ. ಆರು ಮಕ್ಕಳು ಬಂದಿದ್ದವು, ನಾಲ್ಕರ ಮೂಗು ಸೋರುತ್ತಿತ್ತು. ಈರವ್ವ ನನ್ನ ಕೈಗೆ ಧೋತರದ ಒಂದು ರಾಶಿ ತುಂಡು ಕೊಟ್ಟಳು. ಹನ್ನೊಂದು ಗಂಟೆಯೊಳಗೆ ನಾನು ಎಷ್ಟು ಮೂಗು ಒರೆಸಿದೆನೋ, ಒರೆಸಿದ ಮೂಗನ್ನೇ ಮತ್ತೆ ಒರೆಸಿದೆನೋ ತಿಳಿಯದು. ತಿಕ್ಕಬಾರದು, ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ಮೂಗಿನ ಕೆಳಗೆ ಕೆಂಪಾಗುತ್ತದೆ. ಒತ್ತುವಾಗ ಅಜ್ಜನ ಮೀಸೆಯ ಬಗ್ಗೆ ಏನಾದರೂ ಹೇಳಬೇಕು, ಆಗ ಮಗು ಮುಖ ತಿರುಗಿಸುವುದಿಲ್ಲ. ವಿರುಪಾಕ್ಷಪ್ಪನವರಿಗೆ ಮೀಸೆಯೇ ಇಲ್ಲ, ಮಕ್ಕಳಿಗೆ ಅದೇ ಮಜ. ಸಾರು ಕುಡಿಯದ ಮನೀಶನಿಗೆ ಅವರು ಒಂದೊಂದು ಚಮಚವನ್ನೂ ಮೂಸಿ, ಇದು ಒಂದ್ ನಂಬರ್, ಇದು ಎರಡ್ ನಂಬರ್ ಎಂದು ಹೇಳುತ್ತಿದ್ದರು. ಅವನು ಎರಡ್ ನಂಬರ್ ಚಮಚಗಳನ್ನು ಅವರಿಗೆ ಬಿಟ್ಟು ಉಳಿದದ್ದನ್ನು ಕುಡಿದ.

ನಾನು ದೊಡ್ಡ ಗುಟ್ಟೇನೋ ಕಾಣುತ್ತೇನೆ ಎಂದುಕೊಂಡಿದ್ದೆ. ಅಜವಾನದ ಗಂಟು ಐದು ನಿಮಿಷದ ಕೆಲಸ, ಬಜೆ ತೇಯುವುದು ಎರಡು ನಿಮಿಷ. ಉಳಿದ ಹೊತ್ತೆಲ್ಲ ಈರವ್ವ ಸುಮ್ಮನೆ ಗೋಡೆಗೊರಗಿ ಕೂರುತ್ತಿದ್ದಳು, ಎದೆಯ ಮೇಲೆ ಯಾವುದೋ ಒಂದು ಮಗು ನೆಟ್ಟಗೆ ಒರಗಿರುತ್ತಿತ್ತು. ಮಲಗಿಸಿದರೆ ಮೂಗು ಕಟ್ಟಿ ಎದ್ದುಬಿಡುತ್ತದೆ, ಆದ್ದರಿಂದ ಆಕೆ ಮಲಗಿಸುವುದಿಲ್ಲ. ಒಂದು ತಾಸು, ಒಂದೂವರೆ ತಾಸು. ಕಾಲು ಜೋಮು ಹಿಡಿದರೆ ಬೆರಳಾಡಿಸುತ್ತಾಳೆ, ಏಳುವುದಿಲ್ಲ.

“ಮದ್ದು ಅರ್ಧಾ, ತೊಡಿ ಅರ್ಧಾ,” ಎಂದಳು ನಾನು ನೋಡುತ್ತಿದ್ದದ್ದು ಕಂಡು. “ತೊಡಿ ಅಂಗಡ್ಯಾಗ ಸಿಗಂಗಿಲ್ಲ.”

ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. ಆಗ ಕಾಂಚು ಎದ್ದಳು. ಮೂಗು ಕಟ್ಟಿತ್ತು, ಉಸಿರು ಸಿಗದೆ ಸಿಟ್ಟಿನಿಂದ ಅಳತೊಡಗಿದಳು. ಹಾಸಿಗೆಯ ಮೇಲೆ ಎದ್ದು ನಿಂತು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಈರವ್ವನನ್ನು. ಮಗುವಿನ ಕೈ ಎತ್ತ ಚಾಚುತ್ತದೆಂದು ನನಗೆ ಗೊತ್ತಿತ್ತು. ಈರವ್ವನಿಗೂ ಗೊತ್ತಿತ್ತು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ, ಕಿಟಕಿಯ ಕಡೆಗೆ ತಿರುಗಿ, ತುಳಸಿ ಗಿಡದಲ್ಲಿ ಏನೋ ಹುಡುಕುವಂತೆ ಮಾಡಿದಳು.

“ನಿಮ್ಮವ್ವ ಅದಾಳ ನೋಡ ಅಲ್ಲಿ,” ಎಂದಳು, ಮುಖ ತಿರುಗಿಸದೆಯೇ.

ಕಾಂಚು ಸ್ವಲ್ಪ ಹೊತ್ತು ಆ ಬೆನ್ನನ್ನು ನೋಡಿ ಅತ್ತಳು. ಆಮೇಲೆ ನನ್ನ ಕಡೆ ಬಂದಳು. ನಾನು ಗೋಡೆಗೊರಗಿ ಕುಳಿತು, ಅವಳನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡು, ಬೆನ್ನ ಮೇಲೆ ಮೆಲ್ಲಗೆ ತಟ್ಟಿದೆ. ಎದ್ದು ಚಹಾ ಮಾಡಬೇಕು, ಬಟ್ಟೆ ಮಡಚಬೇಕು, ಫೋನ್ ನೋಡಬೇಕು ಎಂದು ಅವತ್ತು ಏನೂ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಅವಳ ಉಸಿರು ಸಡಿಲಾಯಿತು. ನನ್ನ ಕುತ್ತಿಗೆಯ ಮೇಲೆ ಸಿಂಬಳ ಸುರಿಸಿಕೊಂಡು, ಬಾಯಿ ತೆರೆದು ನಿದ್ದೆ ಹೋದಳು. ನನಗೆ ಜಗತ್ತೇ ಸಿಕ್ಕಿದಷ್ಟು ಸಂತೋಷವಾಯಿತು. ಗೆದ್ದೆ ಎನಿಸಿತು, ಸುಳ್ಳೇಕೆ ಹೇಳಲಿ.

ಈರವ್ವನ ಕಡೆ ನೋಡಿದೆ. ಉಳಿದ ಮಕ್ಕಳೆಲ್ಲ ಮಲಗಿದ್ದವು. ಆಕೆ ಮಡಚಿಟ್ಟಿದ್ದ ಒಂದು ಚಾದರವನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಮಡಚಿ ಮುಗಿಸಿ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕೈಗಳನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯುತ್ತಿರಲಿಲ್ಲ. ನನ್ನ ಮಗಳನ್ನು ನನಗೆ ಕೊಡಲು ಆಕೆ ಆ ಕೈಗಳನ್ನು ಬಚ್ಚಿಟ್ಟುಕೊಂಡಿದ್ದಳು ಎಂಬುದು ನನಗೆ ಆಗ ಅರ್ಥವಾಯಿತು, ಅದಕ್ಕೆ ಎಷ್ಟು ನೋವಾಗಿದೆ ಎಂಬುದೂ.

ನಾನು ಮೆಲ್ಲಗೆ ಎದ್ದು, ಆಕೆಯ ಮುಂದೆ ಮಂಡಿಯೂರಿ, ತೊಡೆಯ ಮೇಲಿನ ಚಾದರ ತೆಗೆದು, ನಿದ್ದೆಹೋದ ಕಾಂಚುವನ್ನು ಅಲ್ಲಿಟ್ಟೆ.

“ಯಾಕವಾ? ನಿನ್ನ ಹತ್ರ ಚೊಲೋ ಮಕ್ಕೊಂಡಿತ್ತಲ್ಲ?” ಎಂದಳು ಈರವ್ವ. ಹೇಳುತ್ತಲೇ ಮಗುವಿನ ತಲೆ ಎತ್ತರಕ್ಕೆ ಸರಿಪಡಿಸಿ, ಎದೆಗೆ ಒರಗಿಸಿಕೊಂಡಿದ್ದಳು.

“ನಿಮ್ಮ ಹತ್ತಿರವೂ ಇರಲಿ,” ಎಂದೆ.

ಹತ್ತು ತಿಂಗಳಿನಿಂದ ದಿನವೂ ನಾನು ಮಗುವನ್ನು ಆ ಕೈಗಳಿಗೆ ಕೊಟ್ಟಿದ್ದೆ, ರೈಲು ತಪ್ಪುತ್ತದೆ ಎಂದು. ಅವತ್ತು ನನಗೆ ಹಿಡಿಯಬೇಕಾದ ಯಾವ ರೈಲೂ ಇರಲಿಲ್ಲ.